ಕಲ್ಲುಹಾದಿಗೆ ತಕ್ಕ ಗಾಳಿ

ಪಾದರಕ್ಷೆ ಕೊಳ್ಳಲು ಹೋದ ಮನುಷ್ಯ ಅಂಗಡಿಯಲ್ಲಿ ಎಷ್ಟು ಹೊತ್ತು ಕೂರುತ್ತಾನೆಂಬುದನ್ನು ವಾಚಕರು ಬಲ್ಲರು. ಎಡಗಾಲಿಗೊಂದು ಹಾಕಿ, ಬಲಗಾಲಿಗೊಂದು ಹಾಕಿ, ನಾಲ್ಕು ಹೆಜ್ಜೆ ನಡೆದು, ಕನ್ನಡಿಯ ಮುಂದೆ ಬಾಗಿ, ಹೆಬ್ಬೆರಳಿಗೆ ಕಚ್ಚುತ್ತದೆಯೇ, ಹಿಮ್ಮಡಿಗೆ ಉಜ್ಜುತ್ತದೆಯೇ ಎಂದು ವಿಚಾರಿಸಿಕೊಂಡು, ಕಡೆಗೆ ಮೊಟ್ಟಮೊದಲು ನೋಡಿದ ಜೋಡನ್ನೇ ಕೊಂಡು ಮನೆಗೆ ಬರುತ್ತಾನೆ. ಅದೇ ಮನುಷ್ಯ ತನ್ನ ಬೈಸಿಕಲ್ಲಿಗೆ ಟೈರು ಕೊಳ್ಳಬೇಕಾದಾಗ ಒಂದು ನಿಮಿಷವನ್ನೂ ವ್ಯಯಮಾಡುವುದಿಲ್ಲ. ಕಪ್ಪಗಿದ್ದರೆ ಸರಿ, ದುಂಡಗಿದ್ದರೆ ಸರಿ, ಗಾಳಿ ಹಿಡಿದರಂತೂ ಮತ್ತೂ ಸರಿ. ರಸ್ತೆ ನುಣುಪಾಗಿರುವ ಊರಿನಲ್ಲಿ ಈ ಉದಾಸೀನದಿಂದ ದೊಡ್ಡ ಹಾನಿಯೇನೂ ಇಲ್ಲ. ಆದರೆ ಕಲ್ಲು ಹಾಸಿದ ಊರಿನಲ್ಲಿ ಬಾಳುವವನಿಗೆ ಟೈರೆಂಬುದು ಪಾದರಕ್ಷೆಗಿಂತಲೂ ಹತ್ತಿರದ ಬಂಧು.

ನಾನು ಹಲವು ವರ್ಷಗಳಿಂದ ಬೆಲ್ಜಿಯಂ ದೇಶದ ಗೆಂಟ್ ಎಂಬ ಊರಿನಲ್ಲಿ ಸಂಸಾರ ಹೂಡಿದ್ದೇನೆ. ಹಳೆಯ ಊರು, ಕಾಲುವೆಗಳು, ಗೋಪುರಗಳು, ಓರೆಕೋರೆ ಬೀದಿಗಳು. ಬೀದಿಗಳಲ್ಲಿ ಹಲವಕ್ಕೆ ಇಂದಿಗೂ ಕಲ್ಲಿನದೇ ಹಾಸು. ಇಲ್ಲಿನ ಫ್ಲೆಮಿಷ್ ಜನ ಇಂಥ ಕಲ್ಲಿಗೆ ‘ಕಸೈ’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ‘ಕಸಾಯಿ’ ಎಂದೇ ಕೇಳಿಸುತ್ತದೆ. ಸೈಕಲ್ ಸವಾರರ ಮಟ್ಟಿಗೆ ಆ ಅರ್ಥವೂ ಅಷ್ಟೇನೂ ತಪ್ಪಲ್ಲ. ದುಂಡು ತಲೆಯ ಕಲ್ಲುಗಳಿಗೆ ಇನ್ನೊಂದು ಹೆಸರಿದೆ. ಅದನ್ನು ಕನ್ನಡದಲ್ಲಿ ಹೇಳಿದರೆ ‘ಮಕ್ಕಳ ತಲೆಗಳು’ ಎಂದಾಗುತ್ತದೆ. ಮಳೆ ಬಂದು ನಿಂತ ಮೇಲೆ ಬೀದಿಯನ್ನು ನೋಡಿದರೆ, ಎಣ್ಣೆ ಹಚ್ಚಿ ಸ್ನಾನಕ್ಕೆ ಕೂರಿಸಿದ ನೂರಾರು ಮಕ್ಕಳ ತಲೆಗಳಂತೆಯೇ ಅವು ಹೊಳೆಯುತ್ತಿರುತ್ತವೆ. ಹೆಸರಿಟ್ಟವನು ಗೃಹಸ್ಥನೇ ಇರಬೇಕು.

ಈ ಕಲ್ಲುಗಳಲ್ಲಿ ಬಹುಪಾಲು ಪಾರ್ಫಿರಿ ಎಂಬ ಗಟ್ಟಿ ಜಾತಿಯವು. ಬೆಲ್ಜಿಯಮ್ಮಿನ ಕೆನಾಸ್ಟ್ ಮತ್ತು ಲೆಸೀನ್ ಎಂಬಲ್ಲಿನ ಗಣಿಗಳಿಂದ ಕಡಿದು ತೆಗೆದ ಕಲ್ಲು ಪ್ಯಾರಿಸ್ಸಿನ ಬೀದಿಗಳವರೆಗೂ ಹೋಗಿತ್ತು. ಕುದುರೆಗಾಡಿಗಳ ಕಾಲಕ್ಕೆ ಇದು ಉತ್ತಮವಾದ ಏರ್ಪಾಡು. ಕುದುರೆಯ ಲಾಳಕ್ಕೆ ಸಂದಿಗಳಲ್ಲಿ ಹಿಡಿತ ಸಿಗುತ್ತಿತ್ತು, ಮಳೆಯ ಕೆಸರಿನಲ್ಲಿ ಚಕ್ರ ಹೂಳುತ್ತಿರಲಿಲ್ಲ. ಬೆಂಗಳೂರಿನವರು ಇದರ ಸವಿಯನ್ನು ಸ್ವಲ್ಪಮಟ್ಟಿಗೆ ಕಾಣಬೇಕಾದರೆ ಚರ್ಚ್ ಸ್ಟ್ರೀಟಿಗೆ ಹೋಗಬಹುದು. 2018ರಲ್ಲಿ ಅದನ್ನು ಕಲ್ಲು ಹಾಸಿ ಹೊಸದಾಗಿ ಕಟ್ಟಿದರು. ಆದರೆ ಅಲ್ಲಿನ ಕಲ್ಲು ಮಟ್ಟವಾಗಿ ಕೂತ ಸಭ್ಯ ಕಲ್ಲು. ಫ್ಲಾಂಡರ್ಸಿನ ಹಳ್ಳಿದಾರಿಯ ಕಲ್ಲು ಹಾಗಲ್ಲ. ನೂರು ವರ್ಷದ ಗಾಡಿಗಳ ಭಾರಕ್ಕೆ ಒಂದು ಕುಸಿದಿರುತ್ತದೆ, ಇನ್ನೊಂದು ಎದ್ದಿರುತ್ತದೆ, ಮತ್ತೊಂದು ಎದ್ದೇ ಹೋಗಿರುತ್ತದೆ.

ನನ್ನ ಕಥೆಗೆ ಬರುತ್ತೇನೆ. ನನ್ನ ಮಗಳು ಇಲ್ಲಿಯೇ ಓದಿ ದೊಡ್ಡವಳಾದವಳು. ಅವಳಿಗೆ ಹನ್ನೆರಡು ವರ್ಷ ತುಂಬಿದಾಗ, ‘ನೀನು ಓದು ಮುಗಿಸುವ ವರ್ಷ ನಾವಿಬ್ಬರೂ ಸೈಕಲ್ಲಿನಲ್ಲಿ ಔಡ ಕ್ವಾರೆಮಾಂಟ್ ಗುಡ್ಡ ಹತ್ತಿ ಬರೋಣ’ ಎಂದು ಮಾತು ಕೊಟ್ಟಿದ್ದೆ. ಹೀಗೆ ದೂರದ ದಿನಕ್ಕೆ ಕೊಟ್ಟ ಮಾತನ್ನು ತಂದೆಯರು ಬೇಗ ಮರೆಯುತ್ತಾರೆ, ಮಕ್ಕಳು ಮರೆಯುವುದಿಲ್ಲ. ಓದು ಮುಗಿಯುವ ವರ್ಷ ಬಂದೇ ಬಂದಿತು. ಅವಳಿಗೆ ಲಿಸ್ಬನ್ನಿನಲ್ಲಿ ಉದ್ಯೋಗವೂ ದೊರೆತು, ಆಗಸ್ಟಿನಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಅದೇ ವರ್ಷದ ಜನವರಿಯಲ್ಲಿ, ಮಂಜುಗಡ್ಡೆ ಕಟ್ಟಿದ ಒಂದು ಬೆಳಗ್ಗೆ, ಮನೆಯೆದುರಿನ ಕಾಲುದಾರಿಯಲ್ಲಿ ನಡೆದು ಹೋಗುತ್ತಿದ್ದ ನಾನು ಜಾರಿಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿಯಿತು.

ಆರು ವಾರ ಪಟ್ಟು ಹಾಕಿದರು. ಮೂಳೆ ಕೂಡಿಕೊಂಡಿತು; ಆದರೆ ಕೈ ಮೊದಲಿನ ಕೈಯಾಗಿರಲಿಲ್ಲ. ಬಾಟಲಿಯ ಮುಚ್ಚಳ ತಿರುಗಿಸಿದರೆ ನೋವು, ಹತ್ತು ನಿಮಿಷ ಸೈಕಲ್ಲಿನ ಹಿಡಿ ಹಿಡಿದರೆ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುತ್ತಿದ್ದವು. ಏಪ್ರಿಲಿನಲ್ಲಿ ವೈದ್ಯರು, ‘ಸೈಕಲ್ ಬೇಡವೆನ್ನುವುದಿಲ್ಲ, ನಡುಕ ಬೇಡ. ಕೈ ಜೋಮು ಹಿಡಿದ ಕ್ಷಣವೇ ಇಳಿದುಬಿಡಿ’ ಎಂದರು. ಇಡೀ ಊರೇ ಕಲ್ಲಿನ ಮೇಲೆ ಕೂತಿರುವಾಗ ನಡುಕ ಬೇಡವೆಂದರೆ, ಸಮುದ್ರದಲ್ಲಿ ಈಜು, ಉಪ್ಪು ಮಾತ್ರ ತಾಕಿಸಿಕೊಳ್ಳಬೇಡ ಎಂದ ಹಾಗಾಯಿತು.

ನನ್ನ ಹೆಂಡತಿ ಅಲ್ಲಿಯೇ ತೀರ್ಪನ್ನು ಕೊಟ್ಟಳು. ‘ನೋಡಿ, ಅವಳು ಹೊರಡೋದು ಆಗಸ್ಟಿನಲ್ಲಿ. ಅಷ್ಟರೊಳಗೆ ಕೈ ನಡುಗದ ಹಾಗೆ ಸೈಕಲನ್ನ ಸರಿಮಾಡ್ಕೊಂಡ್ರೆ ಹೋಗಿಬನ್ನಿ. ಇಲ್ಲದಿದ್ರೆ ಇಬ್ಬರೂ ರೈಲಿನಲ್ಲಿ ಹೋಗಿ, ಗುಡ್ಡದ ಮೇಲೆ ಕಾಫಿ ಕುಡಿದು ಬನ್ನಿ.’ ನ್ಯಾಯವಾದ ಮಾತು. ಮಗಳು ಏನೂ ಹೇಳಲಿಲ್ಲ. ಏನೂ ಹೇಳದಿದ್ದುದರಿಂದಲೇ ಅವಳಿಗೆ ರೈಲಿನ ಕಾಫಿ ಬೇಕಿಲ್ಲವೆಂಬುದು ನನಗೆ ತಿಳಿಯಿತು. ನನ್ನ ಟೈರಿನ ವ್ಯಾಸಂಗ ಪ್ರಾರಂಭವಾದದ್ದು ಹೀಗೆ.

ಮೊದಲ ಸಲಹೆ ಬೆಂಗಳೂರಿನಿಂದ ಬಂತು. ನನ್ನ ಭಾಮೈದ ಭಾನುವಾರ ಮುಂಜಾನೆ ನಂದಿಬೆಟ್ಟಕ್ಕೆ ಸೈಕಲ್ ತುಳಿಯುವ ಉತ್ಸಾಹಿಗಳಲ್ಲಿ ಒಬ್ಬ. ‘ಭಾವ, ನೀವು 25 ಮಿಲಿಮೀಟರ್ ಟೈರು ಹಾಕಿ, 110 ಪೌಂಡು ಗಾಳಿ ಹೊಡೀರಿ. ಟೈರು ಕಲ್ಲಿನ ಹಾಗಿರಬೇಕು. ಆಗಲೇ ಗಾಡಿ ಹಾರೋದು’ ಎಂದು ಟೆಲಿಫೋನಿನಲ್ಲಿ ಉಪದೇಶಿಸಿದ. ಅವನ ಮಾತಿನ ಹಿಂದೆ ಒಂದು ಪರಂಪರೆಯೇ ಇದೆ. ಬಾಡಿಗೆ ಸೈಕಲ್ಲಿನ ಕಾಲದಲ್ಲಿ ನಮ್ಮೂರಿನ ಸೈಕಲ್ ಷಾಪಿನವನು ಹೆಬ್ಬೆರಳಿನಿಂದ ಟೈರನ್ನು ಒತ್ತಿ ನೋಡುತ್ತಿದ್ದ. ಬೆರಳು ತಗ್ಗದಿದ್ದರೆ ಗಾಳಿ ಸರಿ, ತಗ್ಗಿದರೆ ಇನ್ನೂ ನಾಲ್ಕು ಪಂಪು. ಗಟ್ಟಿ ಟೈರೇ ವೇಗದ ಟೈರು ಎಂಬುದು ನಮ್ಮ ದೇಶದಲ್ಲಷ್ಟೇ ಅಲ್ಲ, ಯೂರೋಪಿನ ಪಂದ್ಯದ ಸವಾರರಲ್ಲಿಯೂ ಬಹುಕಾಲ ವೇದವಾಕ್ಯವಾಗಿತ್ತು. ನುಣುಪಾದ ಡಾಂಬರು ರಸ್ತೆಯಲ್ಲಿ ಅದರಲ್ಲಿ ಸತ್ಯಾಂಶವೂ ಉಂಟು. ಆದರೆ ಕಲ್ಲಿನ ಮೇಲೆ ಕಲ್ಲಿನಂಥ ಟೈರನ್ನು ಉರುಳಿಸಿದರೆ ಆಗುವುದೇನು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ನನಗೆ ಮೊದಲು ಎದುರಾದವರು ಇನ್ನೊಬ್ಬ ತಂದೆ. ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ. ಅಂದಿನ ಸೈಕಲ್ಲುಗಳಿಗೆ ಗಟ್ಟಿ ರಬ್ಬರಿನ ಪಟ್ಟಿಯೇ ಟೈರು. ಅದಕ್ಕೂ ಹಿಂದಿನ, 1860ರ ದಶಕದ ಗಾಡಿಗಳಿಗೆ ಕಬ್ಬಿಣದ ಪಟ್ಟಿ. ಇಂಗ್ಲಿಷರು ಅವನ್ನು ಮೂಳೆ ಕುಲುಕುವ ಯಂತ್ರವೆಂದೇ ಕರೆಯುತ್ತಿದ್ದರು. ಬೆಲ್‌ಫಾಸ್ಟಿನ ಒರಟು ಬೀದಿಗಳಲ್ಲಿ ತನ್ನ ಹುಡುಗ ಮೂರು ಚಕ್ರದ ಸೈಕಲ್ ತುಳಿಯುತ್ತ ಕುಲುಕಾಡುವುದನ್ನು ನೋಡಿದ ಡನ್‌ಲಪ್, ರಬ್ಬರಿನ ಕೊಳವೆಯಲ್ಲಿ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದರು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಗಾಳಿ ತುಂಬಿದ ಚಕ್ರದ ಕಲ್ಪನೆಯನ್ನು ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವರು 1845ರಲ್ಲಿಯೇ ಪೇಟೆಂಟ್ ಮಾಡಿಸಿದ್ದರೂ ಅದು ಬಳಕೆಗೆ ಬಂದಿರಲಿಲ್ಲ. 1889ರಲ್ಲಿ ವಿಲಿಯಂ ಹ್ಯೂಮ್ ಎಂಬ ಸವಾರ ಗಾಳಿ ಟೈರು ಹಾಕಿಕೊಂಡು ಬೆಲ್‌ಫಾಸ್ಟಿನ ಪಂದ್ಯಗಳನ್ನು ಗೆದ್ದಾಗ ಜನ ಬೆರಗಾದರು. ಮಗನ ಸುಖಕ್ಕಾಗಿ ಹುಟ್ಟಿದ ಟೈರು ವೇಗಕ್ಕೂ ಒದಗಿತು ಎಂಬ ಈ ವೃತ್ತಾಂತ ನನಗೆ ಬಹಳ ಹಿಡಿಸಿತು. ಸುಖವೂ ವೇಗವೂ ವೈರಿಗಳಲ್ಲ ಎಂಬುದಕ್ಕೆ ಅದೇ ಮೊದಲ ಸಾಕ್ಷಿ.

ಇದರ ಒಳಗುಟ್ಟು ಕಷ್ಟದ್ದೇನಲ್ಲ. ಟೈರು ಉರುಳುವಾಗ ನೆಲಕ್ಕೆ ತಗಲಿದ ಭಾಗ ತಗ್ಗುತ್ತದೆ, ಮತ್ತೆ ಉಬ್ಬುತ್ತದೆ. ಹಾಗೆ ತಗ್ಗಿ ಉಬ್ಬುವಾಗ ನಮ್ಮ ಕಾಲಿನ ಶಕ್ತಿಯಲ್ಲಿ ಒಂದಷ್ಟು ಶಾಖವಾಗಿ ನಷ್ಟವಾಗುತ್ತದೆ. ಗಾಳಿ ಹೆಚ್ಚಿದಷ್ಟೂ ಟೈರು ಕಡಿಮೆ ತಗ್ಗುತ್ತದೆ, ನಷ್ಟವೂ ಕಡಿಮೆ. ಭಾಮೈದನ ಶಾಸ್ತ್ರ ಇಷ್ಟಕ್ಕೆ ನಿಲ್ಲುತ್ತದೆ. ಆದರೆ ಕಲ್ಲು ಎದುರಾದಾಗ ಟೈರು ತಗ್ಗದಿದ್ದರೆ, ಸೈಕಲ್ಲೂ ಅದರ ಮೇಲೆ ಕೂತ ಮನುಷ್ಯನೂ ಒಟ್ಟಾಗಿ ಮೇಲಕ್ಕೆ ನೆಗೆಯಬೇಕಾಗುತ್ತದೆ. ಒಂದೊಂದು ಕಲ್ಲಿಗೂ ನಮ್ಮ ದೇಹವನ್ನು ಎತ್ತಿ ಇಳಿಸಲು ಬೇಕಾದ ಶಕ್ತಿ ಎಲ್ಲಿಂದ ಬರಬೇಕು? ಮುಂದಕ್ಕೆ ಹೋಗಬೇಕಾಗಿದ್ದ ಶಕ್ತಿಯಿಂದಲೇ. ಅದು ನಮ್ಮ ಸ್ನಾಯುಗಳನ್ನೂ ಕರುಳನ್ನೂ ಕುಲುಕಿ ವ್ಯರ್ಥವಾಗುತ್ತದೆ. ಮೆತ್ತನೆಯ ಟೈರಾದರೋ ಕಲ್ಲಿನ ತಲೆಯನ್ನು ತನ್ನೊಳಗೆ ನುಂಗಿಕೊಂಡು ಸೈಕಲ್ಲನ್ನು ಮಟ್ಟವಾಗಿ ಮುಂದಕ್ಕೆ ಬಿಡುತ್ತದೆ. ಆದ್ದರಿಂದ ಗಾಳಿಗೆ ಒಂದು ಎಲ್ಲೆ ಉಂಟು. ಆ ಎಲ್ಲೆಯವರೆಗೆ ಗಾಳಿ ಹೊಡೆದರೆ ಲಾಭ, ಅದನ್ನು ದಾಟಿದರೆ ನಷ್ಟ. ದಾರಿ ಒರಟಾದಷ್ಟೂ ಆ ಎಲ್ಲೆ ಕೆಳಗಿಳಿಯುತ್ತದೆ.

ಇದನ್ನು ನನ್ನ ಮೈಭಾರಕ್ಕೆ ಅನ್ವಯಿಸಿ ಲೆಕ್ಕ ಹಾಕಿದೆ. ನಾನು 68 ಕಿಲೋ, ಸೈಕಲ್ಲು 10 ಕಿಲೋ. ಒಟ್ಟು 78ರಲ್ಲಿ ಹಿಂಚಕ್ರದ ಪಾಲಿಗೆ ಸುಮಾರು 47 ಕಿಲೋ ಬರುತ್ತದೆ. ಟೈರಿನಲ್ಲಿ 7 ಬಾರ್ ಒತ್ತಡವಿದ್ದರೆ ಅದು ನೆಲವನ್ನು ಮುಟ್ಟುವ ಜಾಗ ಆರೂವರೆ ಚದರ ಸೆಂಟಿಮೀಟರಿನಷ್ಟು, ಎಂದರೆ ಒಂದು ಸಣ್ಣ ಬಿಸ್ಕತ್ತಿನಷ್ಟು. ನಾಲ್ಕೂವರೆ ಬಾರಿಗೆ ಇಳಿಸಿದರೆ ಹತ್ತು ಚದರ ಸೆಂಟಿಮೀಟರಿಗೆ ಏರುತ್ತದೆ. ಒಂದು ಬಾರ್ ಎಂದರೆ ಪಂಪಿನ ಮೇಲೆ ಬರೆದಿರುವ ಪೌಂಡಿನ ಲೆಕ್ಕದಲ್ಲಿ ಸುಮಾರು ಹದಿನಾಲ್ಕೂವರೆ. ಇಷ್ಟು ಚಿಕ್ಕ ಜಾಗದ ಮೇಲೆ ಮನುಷ್ಯನ ಪ್ರಾಣ, ಮಾನ, ಮಣಿಕಟ್ಟು ಎಲ್ಲವೂ ನಿಂತಿವೆ ಎಂದುಕೊಂಡಾಗ ಟೈರಿನ ಮೇಲೆ ಗೌರವ ಹುಟ್ಟದಿರದು.

ಹಾಗಾದರೆ ಗಾಳಿಯನ್ನು ಇಳಿಸುತ್ತಲೇ ಹೋಗಬಹುದೇ? ಹೋಗಲಾಗದು. ತೀರಾ ಇಳಿಸಿದರೆ ಟೈರು ಪೂರ್ತಿ ಚಪ್ಪಟೆಯಾಗಿ ಚಕ್ರದ ರಿಮ್ಮೇ ಕಲ್ಲಿಗೆ ಬಡಿಯುತ್ತದೆ. ನಡುವೆ ಸಿಕ್ಕಿದ ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಇದಕ್ಕೆ ಪರಿಹಾರವೆಂದರೆ ಟೈರಿನ ಅಗಲ. ಅಗಲವಾದ ಟೈರು ಎತ್ತರವೂ ಆಗಿರುತ್ತದೆ. ರಿಮ್ಮಿಗೂ ಕಲ್ಲಿಗೂ ನಡುವೆ ಹೆಚ್ಚು ಗಾಳಿ ನಿಂತಿರುತ್ತದೆ. ಕಡಿಮೆ ಒತ್ತಡದಲ್ಲಿಯೂ ತಳ ಮುಟ್ಟುವುದಿಲ್ಲ. ಅಗಲ ಮೊದಲು, ಒತ್ತಡ ಆಮೇಲೆ. ಇದು ಕಲ್ಲುಹಾದಿಯ ಮೊದಲ ಸೂತ್ರ.

ಈ ಸೂತ್ರವನ್ನು ಪಂದ್ಯದವರು ಕಲಿಯಲು ನೂರು ವರ್ಷ ಹಿಡಿಯಿತೆಂದರೆ ಆಶ್ಚರ್ಯವಾದೀತು. ಫ್ರಾನ್ಸಿನ ಉತ್ತರದಲ್ಲಿ 1896ರಿಂದ ಪ್ಯಾರಿಸ್–ರೂಬೇ ಎಂಬ ಪಂದ್ಯ ನಡೆಯುತ್ತ ಬಂದಿದೆ. ರೂಬೇ ನಗರದ ಇಬ್ಬರು ಬಟ್ಟೆ ಗಿರಣಿಯ ಮಾಲೀಕರು ಅದನ್ನು ಹುಟ್ಟುಹಾಕಿದವರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ದಾರಿ ನೋಡಲು ಹೋದವರು ಸುಟ್ಟ ಮರಗಳನ್ನೂ ಹಳ್ಳಬಿದ್ದ ನೆಲವನ್ನೂ ಕಂಡು ಅದನ್ನು ‘ಉತ್ತರದ ನರಕ’ ಎಂದರು. ಆ ಹೆಸರು ಇಂದಿಗೂ ನಿಂತಿದೆ. ಈಚಿನ ವರ್ಷಗಳಲ್ಲಿ ಸುಮಾರು 260 ಕಿಲೋಮೀಟರಿನ ಓಟದಲ್ಲಿ 55 ಕಿಲೋಮೀಟರಿನಷ್ಟು ಕಲ್ಲು. ಅದರಲ್ಲಿ ಆರಂಬೆರ್ಗ್ ಕಾಡಿನ ದಾರಿ ಅತಿ ಘೋರವಾದದ್ದು. 1968ರಲ್ಲಿ ಅದನ್ನು ಪಂದ್ಯಕ್ಕೆ ಸೇರಿಸಿದರು. 1998ರಲ್ಲಿ ಅಲ್ಲಿ ಬಿದ್ದ ಬೆಲ್ಜಿಯಮ್ಮಿನ ಯೋಹಾನ್ ಮ್ಯುಸೇವ್ ಅವರ ಮಂಡಿಚಿಪ್ಪು ಒಡೆದು, ಗಾಯ ಕೊಳೆತು, ಕಾಲೇ ಹೋಗುವಂತಾಗಿತ್ತು. 2000ದಲ್ಲಿ ಅವರು ಅದೇ ಪಂದ್ಯವನ್ನು ಗೆದ್ದು, ಗೆರೆ ದಾಟುವಾಗ ಆ ಮಂಡಿಯನ್ನೇ ಬೆರಳಿನಿಂದ ತೋರಿಸಿದರು. ಗೆದ್ದವರಿಗೆ ಅಲ್ಲಿ ಕೊಡುವ ಬಹುಮಾನವೂ ಪೀಠದ ಮೇಲೆ ಕೂರಿಸಿದ ಒಂದು ಕಲ್ಲು!

ಕಲ್ಲಿನ ಹೊಡೆತವನ್ನು ತಗ್ಗಿಸಲು ಅವರು ಮಾಡದ ಉಪಾಯವಿಲ್ಲ. 1992 ಮತ್ತು 1993ರಲ್ಲಿ ಫ್ರಾನ್ಸಿನ ಜಿಲ್ಬೆರ್ ದ್ಯುಕ್ಲೋ-ಲಸಾಲ್, ಮೂವತ್ತೇಳು ಮೂವತ್ತೆಂಟರ ವಯಸ್ಸಿನಲ್ಲಿ, ಮುಂದಿನ ಫೋರ್ಕಿಗೆ ಮೋಟಾರ್ ಸೈಕಲ್ಲಿನಂತೆ ಆಘಾತ ನುಂಗುವ ಸಲಕರಣೆ ಹಾಕಿಸಿ ಎರಡು ಬಾರಿಯೂ ಗೆದ್ದರು. ಆದರೂ ಆ ಸಲಕರಣೆ ಉಳಿಯಲಿಲ್ಲ. ಉಳಿದದ್ದು ಟೈರು. ಒಂದು ಕಾಲಕ್ಕೆ 25 ಮಿಲಿಮೀಟರಿನ ಆಸುಪಾಸಿನಲ್ಲಿದ್ದ ಟೈರು ಮೆಲ್ಲಮೆಲ್ಲಗೆ ಹಿಗ್ಗಿ, ಈಚೆಗೆ 30, 32, ಕೆಲವರಲ್ಲಿ 35ಕ್ಕೂ ಮುಟ್ಟಿದೆ. ಟೈರು ಹಿಗ್ಗಿದ್ದರಿಂದ ವೇಗ ಕುಗ್ಗಿತೆಂದುಕೊಳ್ಳಬೇಡಿ. 2024ರಲ್ಲಿ ಮಥ್ಯು ಫಾನ್ ಡರ್ ಪೂಲ್ ಗೆದ್ದಾಗ ಸರಾಸರಿ ವೇಗ ಗಂಟೆಗೆ 47 ಕಿಲೋಮೀಟರಿಗಿಂತ ಮೇಲೆ. ಅಂದಿನವರೆಗೆ ಅದೇ ದಾಖಲೆ. ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಮಾತ್ರ 2021ರ ಅಕ್ಟೋಬರಿನ ಒಂದು ಚಿತ್ರ. ಅಂದು ಮೊದಲ ಬಾರಿಗೆ ಹೆಂಗಸರಿಗೂ ಆ ಪಂದ್ಯ ನಡೆಯಿತು. ಎಂಬತ್ತು ಕಿಲೋಮೀಟರಿಗೂ ಹೆಚ್ಚು ದೂರ ಒಬ್ಬಳೇ ಮುಂದೆ ಸಾಗಿ ಗೆದ್ದ ಲಿಜ್ಜಿ ಡೇನನ್ ಅವರ ಹ್ಯಾಂಡಲಿನ ಪಟ್ಟಿ ಅಂಗೈಯ ರಕ್ತದಿಂದ ಕೆಂಪಾಗಿತ್ತು. ಕೈಗವಸು ಹಾಕುವ ಅಭ್ಯಾಸ ಆಕೆಗಿರಲಿಲ್ಲ. ಆ ಚಿತ್ರವನ್ನು ನೋಡಿದ ನನ್ನ ಹೆಂಡತಿ ಆ ದಿನವೇ ನನಗೆ ಎರಡು ಜೊತೆ ಮೆತ್ತನೆಯ ಕೈಗವಸು ತಂದಿಟ್ಟಳು.

ಇನ್ನು ನನ್ನ ಸೈಕಲ್ಲು. ಅದು ಹಳೆಯದು, ಉಕ್ಕಿನ ಚೌಕಟ್ಟು, ರಿಮ್ಮನ್ನು ಒತ್ತಿ ಹಿಡಿಯುವ ಬ್ರೇಕು. ಈಗಿನ ಡಿಸ್ಕ್ ಬ್ರೇಕಿನ ಸೈಕಲ್ಲುಗಳಲ್ಲಿ 32 ಮಿಲಿಮೀಟರು ಸಲೀಸಾಗಿ ಕೂರುತ್ತದೆ, ಮಗಳದು ಅಂಥದು. ನನ್ನದರಲ್ಲಿ ಹಾಗಲ್ಲ. ಟೈರಿನ ಮೇಲೆ ಬ್ರೇಕಿನ ಕಮಾನು, ಪಕ್ಕದಲ್ಲಿ ಫೋರ್ಕು, ಹಿಂದೆ ಚೌಕಟ್ಟಿನ ಕೊಳವೆಗಳು, ಇವೆಲ್ಲಕ್ಕೂ ಟೈರಿಗೂ ನಡುವೆ ಕಡಿಮೆಯೆಂದರೆ 4 ಮಿಲಿಮೀಟರಾದರೂ ಸಂದು ಉಳಿಯಬೇಕು. ಇಲ್ಲದಿದ್ದರೆ ಟೈರಿಗೆ ಅಂಟಿದ ಒಂದು ಹರಳು ಚಕ್ರವನ್ನು ನಿಲ್ಲಿಸಿಬಿಟ್ಟೀತು. ಟೈರಿನ ಮೇಲೆ 28–622 ಎಂದು ಬರೆದಿದ್ದರೆ ಮೊದಲ ಅಂಕಿ ಅಗಲ, ಎರಡನೆಯದು ರಿಮ್ಮಿನ ಮೇಲೆ ಟೈರು ಕೂರುವಲ್ಲಿನ ವ್ಯಾಸ. ಆದರೆ ಬರೆದ ಅಗಲವೇ ನಿಜವಾದ ಅಗಲವಲ್ಲ. ಅದೇ ಟೈರು ಅಗಲ ರಿಮ್ಮಿನಲ್ಲಿ ಹರಡಿಕೊಂಡು ಒಂದೆರಡು ಮಿಲಿಮೀಟರು ಹೆಚ್ಚುತ್ತದೆ, ಕಿರಿದಾದ ರಿಮ್ಮಿನಲ್ಲಿ ಕುಗ್ಗುತ್ತದೆ. ಅಂಗಡಿಯವನು ಅಳೆಯುವ ಸಲಕರಣೆ ತಂದು ಎಲ್ಲ ಕಡೆಯೂ ಹಿಡಿದು ನೋಡಿ, ‘28 ಹಿಡಿಸುತ್ತದೆ, 30 ಬೇಡ’ ಎಂದ. ಹೊಸ ಸೈಕಲ್ಲನ್ನೇ ಕೊಳ್ಳಬಹುದಿತ್ತು. ಆದರೆ ಮಗಳನ್ನು ಪರದೇಶಕ್ಕೆ ಕಳುಹಿಸಿಕೊಡುವ ವರ್ಷ ಮನೆಯ ಆಯವ್ಯಯದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಆದ್ದರಿಂದ ನನ್ನ ಮಣಿಕಟ್ಟಿನ ಭವಿಷ್ಯ 28 ಮಿಲಿಮೀಟರಿನೊಳಗೇ ಇತ್ತು.

ಅಗಲ ನಿಶ್ಚಯವಾದ ಮೇಲೆ ಉಳಿದದ್ದು ಟೈರಿನ ಗುಣ. ಒಳಗಿನ ಬಟ್ಟೆಯ ನೇಯ್ಗೆ ನವುರಾಗಿದ್ದರೆ ಟೈರು ಕಲ್ಲಿನ ಆಕಾರಕ್ಕೆ ಬೇಗ ಬಾಗುತ್ತದೆ. ಪಂಕ್ಚರಾಗದಿರಲೆಂದು ದಪ್ಪ ಪಟ್ಟಿ ಹೊದಿಸಿದ ಗಡುಸು ಟೈರು ಬಾಳಿಕೆ ಬರುತ್ತದೆ, ಆದರೆ ಮರದ ಹಾಗೆ ಉರುಳುತ್ತದೆ. ಮಗ್ಗುಲು ತೀರಾ ತೆಳುವಾದರೂ ಕಷ್ಟ, ಚೂಪುಗಲ್ಲು ಅದನ್ನು ಸೀಳುತ್ತದೆ. ನಾನು ನವುರು ನೇಯ್ಗೆಯದಾಗಿ, ನೆಲ ಮುಟ್ಟುವ ಭಾಗದಲ್ಲಿ ಮಾತ್ರ ತೆಳುವಾದ ರಕ್ಷಾಪಟ್ಟಿಯಿರುವ ಮಧ್ಯಮ ಜಾತಿಯದನ್ನು ಆರಿಸಿದೆ. ಮೇಲ್ಮೈಯಲ್ಲಿ ಚಿತ್ತಾರ ಬೇಕೇ ಎಂಬ ಪ್ರಶ್ನೆಯೂ ಬಂತು. ಕಾರಿನ ಟೈರಿಗೆ ನೀರನ್ನು ಹೊರದೂಡುವ ಗೀರುಗಳು ಬೇಕು. ಸೈಕಲ್ಲಿನ ಟೈರು ಕಿರಿದು, ದುಂಡು, ವೇಗವೂ ಕಡಿಮೆ. ಅದು ನೀರಿನ ಮೇಲೆ ತೇಲುವುದಿಲ್ಲ. ಒದ್ದೆ ಕಲ್ಲಿನ ಮೇಲೆ ಹಿಡಿತ ಕೊಡುವುದು ಚಿತ್ತಾರವಲ್ಲ, ರಬ್ಬರಿನ ಮೃದುತ್ವ ಮತ್ತು ಮಿತವಾದ ಗಾಳಿ. ಕೆಸರಿನ ದಾರಿಗೆ ಮಾತ್ರ ಚಿತ್ತಾರ ಬೇಕು.

ಮಗಳ ಚಕ್ರದಲ್ಲಿ ಟ್ಯೂಬೇ ಇಲ್ಲ. ರಿಮ್ಮಿಗೆ ಬಿಗಿಯಾಗಿ ಕೂರುವ ಟೈರಿನೊಳಗೆ ಹಾಲಿನಂಥ ಒಂದು ದ್ರವವನ್ನು ಸುರಿದಿರುತ್ತಾರೆ. ಸಣ್ಣ ತೂತು ಬಿದ್ದರೆ ಅದೇ ಹೆಪ್ಪುಗಟ್ಟಿ ಮುಚ್ಚುತ್ತದೆ. ಟ್ಯೂಬಿಲ್ಲದ್ದರಿಂದ ಹಾವು ಕಚ್ಚುವ ಭಯವಿಲ್ಲ, ಗಾಳಿಯನ್ನು ಇನ್ನಷ್ಟು ಇಳಿಸಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು. ಈಗಿನ ಕೆಲವು ರಿಮ್ಮುಗಳಲ್ಲಿ ಟೈರನ್ನು ಕಚ್ಚಿ ಹಿಡಿಯುವ ಅಂಚಿನ ಕೊಕ್ಕೆ ಇರುವುದಿಲ್ಲ. ಅಂಥವುಗಳಿಗೆ 5 ಬಾರಿಗಿಂತ ಹೆಚ್ಚು ಗಾಳಿ ಹೊಡೆಯಬಾರದು, ಅವಕ್ಕೆಂದೇ ಒಪ್ಪಿಗೆಯಿರುವ ಟೈರನ್ನಲ್ಲದೆ ಬೇರೆಯದನ್ನು ಹಾಕಬಾರದು. ನನ್ನ ಹಳೆಯ ರಿಮ್ಮಿಗೆ ಟ್ಯೂಬೇ ಗತಿ. ಮಾಮೂಲು ಟ್ಯೂಬಿನ ಬದಲು ಲೇಟೆಕ್ಸಿನ ತೆಳು ಟ್ಯೂಬು ಹಾಕಿಸಿದೆ. ಅದು ಹೆಚ್ಚು ಹಿಗ್ಗುತ್ತದೆ, ಕಲ್ಲಿಗೆ ಚೆನ್ನಾಗಿ ಬಾಗುತ್ತದೆ. ರಾತ್ರಿ ಕಳೆದರೆ ಗಾಳಿ ಸೋರಿರುತ್ತದೆ ಎಂಬುದೊಂದೇ ಅದರ ದುರ್ಗುಣ. ಪ್ರತಿದಿನವೂ ಬೆಳಗ್ಗೆ ಪಂಪು ಹಿಡಿಯಬೇಕು. ಹಸುವಿಗೆ ಹುಲ್ಲು ಹಾಕಿದಂತೆ ಎಂದುಕೊಂಡು ಒಪ್ಪಿಕೊಂಡೆ.

ಮೇ ತಿಂಗಳೆಲ್ಲ ಪರೀಕ್ಷೆಯಲ್ಲಿ ಕಳೆಯಿತು. ಮನೆಯ ಬಳಿ ಕಲ್ಲು ಹಾಸಿದ ಒಂದು ನಿರ್ಜನ ಬೀದಿಯನ್ನು ಆರಿಸಿಕೊಂಡು, ಸಂಜೆ ಊಟವಾದ ಮೇಲೆ ಒಂದೇ ವೇಗದಲ್ಲಿ ಹೋಗಿಬರುತ್ತಿದ್ದೆ. ಮೊದಲು ಆರೂವರೆ ಬಾರ್: ಹಲ್ಲುಗಳು ತಾಳ ಹಾಕಿದವು, ಎರಡು ನಿಮಿಷಕ್ಕೆ ಕೈ ಜೋಮು. ಐದೂವರೆ: ತಾಳ ಹೋಗಿ ಮೃದಂಗ ಉಳಿಯಿತು. ನಾಲ್ಕೂವರೆ: ಕಲ್ಲು ಇದೆಯೆಂದು ತಿಳಿಯುತ್ತಿತ್ತು, ಬಡಿಯುತ್ತಿರಲಿಲ್ಲ. ನಾಲ್ಕಕ್ಕೆ ಇಳಿಸಿದಾಗ ಒಂದು ಎದ್ದ ಕಲ್ಲಿನ ಮೇಲೆ ರಿಮ್ಮು ‘ಟಣ್’ ಎಂದಿತು. ಅಲ್ಲಿಗೆ ತಳ ಸಿಕ್ಕಿತು. ಹಿಂದಕ್ಕೆ 4.5, ಮುಂದಕ್ಕೆ 4.2 ಎಂದು ನಿಶ್ಚಯಿಸಿದೆ. ಮುಂಚಕ್ರದ ಮೇಲೆ ಭಾರ ಕಡಿಮೆಯಾದ್ದರಿಂದ ಅದಕ್ಕೆ ಗಾಳಿಯೂ ಕಡಿಮೆ. ಮಗಳು ತನ್ನ 32ಕ್ಕೆ 3.4, 3.2 ಎಂದು ಕಂಡುಕೊಂಡಳು. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪಂಪಿನ ಮೇಲಿನ ಗೋಡೆಗೆ ಅಂಟಿಸಿದಳು. ಕೈಯ ಹಿಡಿತವನ್ನೂ ಅವಳೇ ಕಲಿಸಿದಳು. ‘ಅಪ್ಪ, ಹ್ಯಾಂಡಲನ್ನ ಹಕ್ಕಿಮರಿ ಹಿಡಿದ ಹಾಗೆ ಹಿಡಿ. ಬಿಗಿದಷ್ಟೂ ನಿನಗೇ ಏಟು.’

ಟೈರು ಎಷ್ಟೇ ಒಳ್ಳೆಯದಾದರೂ ಮಾಡಲಾಗದ ಒಂದು ಕೆಲಸವಿದೆ. ನಮ್ಮ ಊರಿನ ಕಲ್ಲುಬೀದಿಗಳ ನಡುವೆ ಟ್ರಾಮಿನ ಹಳಿಗಳು ಓಡುತ್ತವೆ. ಹಳಿಯ ಪಕ್ಕದ ಬಿರುಕಿಗೆ ಚಕ್ರ ಇಳಿದರೆ 28 ಆಗಲಿ 32 ಆಗಲಿ ಉಳಿಸುವುದಿಲ್ಲ. ಅಲ್ಲಿ ಅಡ್ಡಡ್ಡಲಾಗಿ, ಆದಷ್ಟು ನೇರ ಕೋನದಲ್ಲಿ ದಾಟಬೇಕು. ಮಳೆಯಿದ್ದರೆ ಇಳಿದು ನಡೆಯುವುದೇ ಲೇಸು.

ಜೂನ್ ತಿಂಗಳ ಒಂದು ಭಾನುವಾರ ಹೊರಟೆವು. ಸ್ಕೆಲ್ಡ ನದಿಯ ದಡದ ಸಮತಟ್ಟಾದ ದಾರಿಯಲ್ಲಿ ಔಡೆನಾರ್ಡ ಪಟ್ಟಣದವರೆಗೂ ಸುಖಪ್ರಯಾಣ. ಅಲ್ಲಿಂದ ಮುಂದೆ ಗುಡ್ಡಗಳು. 1913ರಿಂದ ನಡೆಯುತ್ತಿರುವ ‘ಫ್ಲಾಂಡರ್ಸ್ ಪ್ರದಕ್ಷಿಣೆ’ ಎಂಬ ಪಂದ್ಯದವರು ಹತ್ತಿ ಇಳಿಯುವ ಗುಡ್ಡಗಳೇ ಇವು. ಔಡ ಕ್ವಾರೆಮಾಂಟ್ ಏರು ಎರಡು ಕಿಲೋಮೀಟರಿಗಿಂತ ಉದ್ದ, ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರು ಕಲ್ಲು. ದಾರಿಯ ನಡುಬೆನ್ನಿನ ಮೇಲೆ, ಹಿಡಿಯನ್ನು ಸಡಿಲವಾಗಿ ಹಿಡಿದು, ನಿಲ್ಲದೆ ತುಳಿಯುತ್ತ ಹೋದೆ. ಟೈರು ಕೆಳಗೆ ಗೊಣಗುತ್ತಿತ್ತೇ ಹೊರತು ಕೂಗಲಿಲ್ಲ. ಮೇಲೆ ಚರ್ಚಿನ ಬಳಿ ಬಂದಾಗ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದೆ. ಹತ್ತೂ ನನ್ನವೇ ಆಗಿದ್ದವು. ಮಗಳು ನನ್ನ ಮುಖವನ್ನು ನೋಡಿ ಏನೂ ಕೇಳದೆ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟಳು.

ಮುಂದಿನದು ಪಾಟರ್‌ಬೆರ್ಗ್. ತನ್ನ ಮನೆಯ ಬಳಿಯಲ್ಲಿಯೂ ಪಂದ್ಯ ಹಾದುಹೋಗಲೆಂಬ ಆಸೆಯಿಂದ ಒಬ್ಬ ರೈತ ಆ ದಾರಿಗೆ ಕಲ್ಲು ಹಾಸಿಸಿದನಂತೆ. 1986ರಿಂದ ಪಂದ್ಯವೂ ಬಂದಿತು. ಉದ್ದ 360 ಮೀಟರು ಮಾತ್ರ, ಆದರೆ ಕಡಿದಾದ ಕಡೆ ನೂರಕ್ಕೆ ಇಪ್ಪತ್ತರ ಏರು. ಹಿಂಚಕ್ರ ಒಮ್ಮೆಯೂ ಜಾರಲಿಲ್ಲ. ಆದರೆ ಏರು ಹೆಚ್ಚಿದಂತೆಲ್ಲ ಹ್ಯಾಂಡಲನ್ನು ಜಗ್ಗಿ ಹಿಡಿಯದೆ ವಿಧಿಯಿಲ್ಲ. ಮುಕ್ಕಾಲು ದಾರಿಯಲ್ಲಿ ಕಿರುಬೆರಳಿನ ತುದಿ ಜುಮ್ಮೆಂದಿತು. ಷರತ್ತು ಷರತ್ತೇ, ಇಳಿದೆ. ಮುಂದೆ ಹೋಗುತ್ತಿದ್ದ ಮಗಳು ಹಿಂದಿರುಗಿ ನೋಡಿ ತಾನೂ ಇಳಿದಳು. ‘ನೀನು ಹತ್ತು, ನಾನು ಬರ್ತೀನಿ’ ಎಂದೆ. ‘ಮಾತು ಕೊಟ್ಟಿದ್ದು ಕ್ವಾರೆಮಾಂಟಿಗೆ. ಅದು ಆಯ್ತಲ್ಲ ಅಪ್ಪ’ ಎಂದಳು. ಉಳಿದ ನೂರು ಮೀಟರನ್ನು ಇಬ್ಬರೂ ಸೈಕಲ್ಲನ್ನು ತಳ್ಳಿಕೊಂಡು, ಲಿಸ್ಬನ್ನಿನಲ್ಲಿ ಅಕ್ಕಿ ಎಲ್ಲಿ ಸಿಗುತ್ತದೆ, ಬಾಡಿಗೆ ಎಷ್ಟು ಎಂದು ಮಾತಾಡುತ್ತ ಹತ್ತಿದೆವು. ಎಂಟು ವಾರಗಳಿಂದ ಮನೆಯಲ್ಲಿ ಯಾರೂ ಎತ್ತದೆ ಬಿಟ್ಟಿದ್ದ ಮಾತುಗಳು ಅಲ್ಲಿ ಸುಲಭವಾಗಿ ಬಂದವು.

ಮನೆಗೆ ಬಂದ ಕೂಡಲೇ ನನ್ನ ಹೆಂಡತಿ ಸೈಕಲ್ ಷಾಪಿನವನಂತೆ ಹೆಬ್ಬೆರಳಿನಿಂದ ನನ್ನ ಮಣಿಕಟ್ಟನ್ನು ಅಲ್ಲಲ್ಲಿ ಒತ್ತಿ ನೋಡಿ, ‘ಪರವಾಗಿಲ್ಲ’ ಎಂದು ಅಡಿಗೆಮನೆಗೆ ಹೋದಳು. ಭಾಮೈದನಿಗೆ ಎಲ್ಲ ವಿವರವನ್ನೂ ಬರೆದೆ. ಅವನು ಈಗ 28 ಹಾಕಿಸಿ 75 ಪೌಂಡಿಗೆ ಇಳಿಸಿದ್ದಾನಂತೆ. ನಂದಿಬೆಟ್ಟದ ದಾರಿಗಿಂತ ಅಲ್ಲಿಗೆ ಹೋಗುವ ಊರೊಳಗಿನ ಗುಂಡಿಗಳಿಗೆ ಅದು ಬಹಳ ಹಿತವಾಗಿದೆಯಂತೆ. ನಮ್ಮ ಊರುಗಳಲ್ಲಿ ಮಕ್ಕಳ ತಲೆಗಳಿಲ್ಲದಿದ್ದರೂ ರಸ್ತೆಯ ಉಬ್ಬುಗಳಿಗೂ ಕಿತ್ತುಹೋದ ಡಾಂಬರಿಗೂ ಕೊರತೆಯಿಲ್ಲ. ವಾಚಕರು ಮುಂದಿನ ಬಾರಿ ಗಾಳಿ ಹೊಡೆಸುವಾಗ ತಮ್ಮ ದಾರಿ ಎಂಥದೆಂದು ಮೊದಲು ನೆನೆದುಕೊಂಡು, ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ಮೇಲಿನ ಕೆಳಗಿನ ಮಿತಿಗಳನ್ನು ಓದಿ, ನಡುವೆ ಎಲ್ಲಿ ತಮ್ಮ ಮೈಗೆ ಹಿತವೋ ಅಲ್ಲಿ ನಿಲ್ಲಿಸಬಹುದು.

ಮಗಳು ಆಗಸ್ಟಿನಲ್ಲಿ ಹೋದಳು, ಸೈಕಲ್ಲನ್ನೂ ಕೊಂಡೊಯ್ದಳು. ಲಿಸ್ಬನ್ನಿನ ಹಳೆಯ ಬೀದಿಗಳಲ್ಲಿಯೂ ಕಲ್ಲು, ಟ್ರಾಮಿನ ಹಳಿ, ಮೇಲಾಗಿ ಏರುಗಳು. ಪಂಪಿನ ಮೇಲಿನ ಗೋಡೆಯಲ್ಲಿ ಚೀಟಿ ಹಾಗೆಯೇ ಇದೆ. ಅವಳ ಸಾಲಿನ ಅಂಕಿಗಳಿಂದ ಈಗ ಯಾರಿಗೂ ಉಪಯೋಗವಿಲ್ಲದಿದ್ದರೂ ಕೀಳಲು ನಮ್ಮಿಬ್ಬರಿಗೂ ಮನಸ್ಸಾಗಿಲ್ಲ. ಭಾನುವಾರ ಟೆಲಿಫೋನ್ ಮಾಡಿದಾಗ ಅವಳು ಮೊದಲು ಕೇಳುವುದು, ‘ಇವತ್ತು ಎಷ್ಟು ಹಾಕಿದೆ ಅಪ್ಪ?’ ಎಂದು. ‘ಹಿಂದೆ ನಾಲ್ಕೂವರೆ, ಮುಂದೆ ನಾಲ್ಕು ಎರಡು’ ಎನ್ನುತ್ತೇನೆ. ‘ಸರಿ’ ಎನ್ನುತ್ತಾಳೆ. ಆಮೇಲೆ ಅಮ್ಮನಿಗೆ ಕೊಡು ಎನ್ನುತ್ತಾಳೆ.